ಸಾಮಾನು ಬಾರದ ಮಳೆಗಾಲ

ಟಾರ್ಪಾಲು ಮಳೆಗೆ ನೆಂದು, ಆಮೇಲೆ ಬಿಸಿಲಿಗೆ ಅರ್ಧ ಒಣಗಿದರೆ ಅದಕ್ಕೊಂದು ವಾಸನೆ ಬರುತ್ತದೆ. ರಬ್ಬರಿನದೂ ಅಲ್ಲ, ಮಣ್ಣಿನದೂ ಅಲ್ಲ; ಒದ್ದೆ ಛತ್ರಿಯನ್ನು ಮಡಚಿಟ್ಟು ಮರೆತರೆ ಬರುತ್ತದಲ್ಲ, ಅಂಥದ್ದು. ಮೊನ್ನೆ ಇಲ್ಲಿ ನ್ಯಾಮತಿಯಲ್ಲಿ ಎದುರು ಮನೆಯವರು ರಸ್ತೆಬದಿ ಹರವಿದ್ದ ಮೆಕ್ಕೆಜೋಳದ ಮೇಲಿಂದ ನೀಲಿ ಟಾರ್ಪಾಲು ಎಳೆದರು. ನಾನು ಬಾಗಿಲಲ್ಲಿ ಕೂತು ಮದುವೆ ಸೀರೆಯೊಂದರ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಗಾಳಿ ಈ ಕಡೆಗೇ ಬೀಸಿತು. ಹಾಕಿದ್ದ ಗಂಟು ಕೈಯಲ್ಲೇ ಸಡಿಲವಾಯಿತು.

“ಏನಕ್ಕ, ಧೂಳು ಬಂತಾ?” ಎಂದು ಎದುರು ಮನೆಯವಳು ಅಲ್ಲಿಂದಲೇ ಕೂಗಿದಳು.

“ಏನಿಲ್ಲ, ನಿನ್ನ ಕೆಲಸ ನೋಡು” ಅಂದೆ.

ಗಂಟು ಮತ್ತೆ ಹಾಕಿದೆ. ಮನಸ್ಸು ಮಾತ್ರ ಸಾಸ್ವೆಹಳ್ಳಿಯ ನಮ್ಮ ಮನೆಗೆ, ಕೆಲವು ವರ್ಷದ ಹಿಂದಿನ ಆ ಒಂದು ಆಷಾಢಕ್ಕೆ ಹೋಗಿ ಕೂತಿತು.

ನನ್ನ ಎಡಗಾಲು ಪೋಲಿಯೊಗೆ ಹೋದದ್ದು ನಡೆಯಲು ಕಲಿಯುವ ಮೊದಲೇ. ಹಾಗಾಗಿ ನಡೆದ ನೆನಪೇ ನನಗಿಲ್ಲ. ಇರುವುದೆಲ್ಲ ಅಣ್ಣನ ಹೆಗಲಿನ ನೆನಪು. ಮಂಜಣ್ಣ ನನಗಿಂತ ಆರೇಳು ವರ್ಷ ದೊಡ್ಡವನು. ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದವನು ಅವನೇ. ಹುಡುಗರು “ಮಂಜನ ಮೂಟೆ ಬಂತು” ಅಂದರೆ ನನ್ನನ್ನು ಕಟ್ಟೆ ಮೇಲೆ ಕೂರಿಸಿ, ಹೋಗಿ ಒಬ್ಬೊಬ್ಬನಿಗೂ ಎರಡೇಟು ಬಿಟ್ಟು ಬರುತ್ತಿದ್ದ. ಆಮೇಲೆ ಚನ್ನಗಿರಿಯ ಶಿಬಿರದಲ್ಲಿ ಅಳತೆ ಕೊಟ್ಟು ಕ್ಯಾಲಿಪರ್ ಬಂತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕೆಳಗೆ ಬೂಟು. ಅದನ್ನು ಕಟ್ಟಿಕೊಂಡು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡರೆ ಮನೆಯಿಂದ ಅಂಗಡಿತನಕ ಹೋಗಿಬರಬಹುದಿತ್ತು.

ಅಣ್ಣನ ಕೈಯಲ್ಲಿ ಕೆಲಸ ಇತ್ತು. ನನಗೇನು ತೊಡಕು ಅನ್ನುವುದು ನಾನು ಹೇಳುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊರೆದು ಪಾಯಿಖಾನೆಗೆ ಇಟ್ಟಿದ್ದ. ಬಚ್ಚಲ ಗೋಡೆಗೆ ಪೈಪು ಬಡಿದು ಹಿಡಿಕೆ ಮಾಡಿದ್ದ. ಒಲೆಕಟ್ಟೆಯನ್ನು ಒಡೆಸಿ, ನಾನು ಕೂತೇ ಅಡುಗೆ ಮಾಡುವಷ್ಟು ಎತ್ತರಕ್ಕೆ ಇಳಿಸಿದ್ದ. ಊರಿನವರು ಬಂದು ನೋಡಿ, “ತಂಗಿಗೆ ಅರಮನೆ ಮಾಡಿಕೊಟ್ಟೀಯಲ್ಲೋ” ಅನ್ನುತ್ತಿದ್ದರು. ಮನೆಯೊಳಗೆ ನನಗೆ ಯಾವ ಕೊರತೆಯೂ ಇರಲಿಲ್ಲ. ಈಗ ಯೋಚಿಸಿದರೆ, ಅವನು ಮಾಡಿಕೊಟ್ಟದ್ದೆಲ್ಲ ಮನೆಯೊಳಗಿನದೇ.

ಹೊರಗಿನದು ಅಂತ ಬಂದದ್ದು ಸ್ಕೂಟರು. ಸರ್ಕಾರದವರು ಕೊಟ್ಟದ್ದು, ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ಇನ್ನೆರಡು ಗಾಲಿ, ಕಾಲು ಬಳಸದೆ ಕೈಯಲ್ಲೇ ಹಿಡಿಯುವ ಬ್ರೇಕು, ಊರುಗೋಲು ಸಿಕ್ಕಿಸುವುದಕ್ಕೆ ಒಂದು ಕೊಂಡಿ. ಶಾಲೆ ಮೈದಾನದಲ್ಲಿ ಕಲಿಸಿದವನೂ ಅಣ್ಣನೇ. ಹಿಂದೆ ಹಿಂದೆ ಓಡುತ್ತಾ “ಬ್ರೇಕ್ ಹಿಡಿ, ಬ್ರೇಕ್ ಹಿಡಿ” ಎಂದು ಅವನು ಕೂಗಿದ್ದು ಊರಿಗೆಲ್ಲ ಕೇಳಿತ್ತು.

ಕೈ ಕೂತಮೇಲೆ ಒಬ್ಬಳೇ ಮೊದಲು ಹೋದದ್ದು ಹೊಳೆ ಕಡೆಗೆ. ಬೇಸಿಗೆ, ತುಂಗಭದ್ರೆಯಲ್ಲಿ ನೀರು ಕಡಿಮೆ, ಬಂಡೆಗಳ ಮೇಲೆ ಹೆಂಗಸರು ಬಟ್ಟೆ ಒಣಹಾಕಿದ್ದರು. ಗಾಡಿ ನಿಲ್ಲಿಸಿ ಅದರ ಮೇಲೇ ಕೂತು ನೋಡಿದೆ. ನೋಡುವುದಕ್ಕೆ ಅಂಥದ್ದೇನೂ ಇರಲಿಲ್ಲ. ಆದರೆ “ಸಾಕಾ, ಹೋಗಣಾ?” ಎಂದು ಕೇಳುವವರು ಯಾರೂ ಇರಲಿಲ್ಲ. ಅಲ್ಲಿಯತನಕ ನನ್ನ ಬದುಕಿನಲ್ಲಿ ಹೊತ್ತುಕೊಂಡು ಹೋದವರಿಗೆ ಸಾಕಾದಾಗ ನನಗೂ ಸಾಕಾಗಬೇಕಿತ್ತು. ಮದುವೆಯಲ್ಲಿ ಊಟ ಆದಮೇಲೆ, ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಮೇಲೆ, ನೆಂಟರ ಮನೆಯಲ್ಲಿ ಮಾತು ರುಚಿ ಹತ್ತುವ ಹೊತ್ತಿಗೆ, “ಸಾಕಾ, ಹೋಗಣಾ?” ಆ ದಿನ ನನಗೆ ಸಾಕಾಗುವತನಕ ಕೂತಿದ್ದೆ. ಬಿಸಿಲಿಗೆ ಸೀಟು ಕಾದು ತೊಡೆ ಸುಟ್ಟಿತು, ಆದರೂ ಕೂತಿದ್ದೆ.

ಕುಚ್ಚಿನ ಕೆಲಸ ನನಗೆ ಮೊದಲಿಂದಲೂ ಇತ್ತು. ರೇಷ್ಮೆ ದಾರವನ್ನು ಎಡಗಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದು ಹಿಡಿಯುತ್ತೇನೆ. ಆ ಕಾಲಿಗೆ ಅದೊಂದೇ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿಯತನಕ ಯಾರಾದರೂ ಮನೆಗೆ ಸೀರೆ ತಂದುಕೊಟ್ಟರೆ ಕಟ್ಟಿಕೊಡುತ್ತಿದ್ದೆ. ಗಾಡಿ ಬಂದಮೇಲೆ ನಾನೇ ಊರೂರಿಗೆ ಹೋಗಿ ತರತೊಡಗಿದೆ. ಹಾಗೆ ಹೊನ್ನಾಳಿಯ ಒಂದು ಸೀರೆ ಅಂಗಡಿಯವರ ಪರಿಚಯ ಆಯಿತು. ಅವರು ನನ್ನ ಕೆಲಸ ನೋಡಿ, ಕನ್ನಡಕ ಮೇಲೇರಿಸಿ, “ಅಮ್ಮಾರೆ, ನೀವು ಸೀರೆ ಹೊತ್ಕಂಡು ಯಾಕೆ ತಿರುಗ್ತೀರಿ? ಅಂಗಡಿ ಮುಂದ್ಗಡೆನೇ ಕೂತ್ಕಳ್ರಿ. ಸೀರೆ ತಗಂಡೋರು ಅಲ್ಲೇ ನಿಮಗೆ ಕೊಡ್ತಾರೆ. ಮೆಟ್ಲೂ ಇಲ್ಲ ನಮ್ಮಂಗಡಿಗೆ” ಅಂದರು.

“ಯಾವಾಗಿಂದ?”

“ಆಷಾಢದಾಗೆ ಯಾರು ಸೀರೆ ತಗಂತಾರೆ? ಶ್ರಾವಣ ಹುಟ್ಟೋ ಹೊತ್ತಿಗೆ ಬಂದ್ಬಿಡ್ರಿ.”

ಅಂಗಡಿಯ ಮುಂದೆ ಗಾಜಿನ ಪಕ್ಕದ ಜಾಗ. ಬೆಳಕು ಚೆನ್ನಾಗಿತ್ತು. ಮನೆಗೆ ಬಂದು ಹೇಳಿದಾಗ ಅಣ್ಣ “ಒಳ್ಳೇದಾತು ಬಿಡು” ಅಂದ. ಅವ್ವ “ದಿನಾ ಹೋಗ್ಬೇಕಾ?” ಎಂದು ಕೇಳಿದಳು. ದಿನಾ ಅಂದೆ. ಅವಳು ಮಂಡಿ ನೀವಿಕೊಳ್ಳುತ್ತಾ ಕೂತಳು.

ಅವ್ವನ ಬಗ್ಗೆ ಹೇಳಬೇಕು. ಅವಳಿಗೆ ಮಂಡಿ ಹಿಡಿದುಕೊಂಡಿತ್ತು. ಅವಳಿಗೆಂದೇ ಚನ್ನಗಿರಿಯಿಂದ ನಾನು ನಾಲ್ಕು ಕಾಲಿನ ವಾಕರ್ ತರಿಸಿದ್ದೆ. “ಅದನ್ನ ಹಿಡ್ಕಂಡ್ರೆ ಮುದುಕಿ ಅಂತಾರೆ” ಎಂದು ಅದರ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದಳು. ಬಚ್ಚಲಿಗೆ ಹೋಗಬೇಕಾದರೆ ನನ್ನನ್ನೇ ಕರೆಯಬೇಕು, ನನ್ನ ಹೆಗಲನ್ನೇ ಹಿಡಿಯಬೇಕು. ಒಂದು ಕಡೆ ಊರುಗೋಲು, ಇನ್ನೊಂದು ಕಡೆ ಅವ್ವ. ಅತ್ತಿಗೆ ಓಬಕ್ಕ ನೋಡಿ ನಗುತ್ತಿದ್ದಳು: “ಇಬ್ರಿಗೂ ಸೇರಿ ಒಂದೇ ಒಳ್ಳೆ ಕಾಲು. ಬಿದ್ದೀರಿ, ನಿಧಾನ!” ಓಬಕ್ಕ ಜಗಳೂರು ಕಡೆಯವಳು, ಮಾತು ಒರಟು. ಮನೆಯಲ್ಲಿ ಏನು ಹೆಚ್ಚು ಕಡಿಮೆಯಾದರೂ ನನಗೆ ಮೊದಲು ಅನುಮಾನ ಬರುತ್ತಿದ್ದದ್ದು ಅವಳ ಮೇಲೆ.

ಆಷಾಢದ ಮೊದಲ ವಾರ ಗದ್ದೆಗೆ ನೀರು ಹಾಯಿಸುವ ಚಾನಲ್ ಪಕ್ಕದ ರಸ್ತೆಯಲ್ಲಿ ಗುಂಡಿಗೆ ಎಡಗಡೆಯ ಗಾಲಿ ಇಳಿಯಿತು. ಗಾಡಿ ವಾಲಿ ನಾನು ಕೆಸರಿಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೆ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಓಡಿಬಂದು ಎತ್ತಿ ಕೂರಿಸಿದರು. ಪಕ್ಕದ ಗಾಲಿ ಹಿಡಿದಿದ್ದ ಕಬ್ಬಿಣದ ರಾಡು ಬಾಗಿತ್ತು. ಅಣ್ಣ ಬಂದ. ನನ್ನ ಮುಖ ನೋಡಲಿಲ್ಲ, ಮೊಣಕೈ ನೋಡಲಿಲ್ಲ, ಬಾಗಿದ ರಾಡನ್ನೇ ನೋಡುತ್ತಾ ನಿಂತ. ಮಾರನೆ ದಿನ ಗೂಡ್ಸ್ ಆಟೋಕ್ಕೆ ಗಾಡಿ ಏರಿಸಿ ಹೊನ್ನಾಳಿಯ ಮೆಕ್ಯಾನಿಕ್ ರುದ್ರೇಶಿಯ ಹತ್ತಿರ ಬಿಟ್ಟುಬಂದ.

“ರಾಡ್ ಇಲ್ಲಂತೆ. ಇಂಥಾ ಗಾಡಿದು ದಾವಣಗೆರೆಲೂ ಸಿಗಲ್ವಂತೆ. ಕಂಪನಿಯಿಂದ್ಲೇ ಬರಬೇಕು.”

ಬರಲಿ ಅಂದೆ. ಶ್ರಾವಣಕ್ಕೆ ಇನ್ನೂ ಸಾಕಷ್ಟು ದಿನ ಇತ್ತು.

ಆ ಸಲ ಮಳೆ ಬಿಡದೆ ಹಿಡಿದಿತ್ತು. ಜೋರಾಗಿ ಹೊಯ್ದು ಬಿಡುವ ಮಳೆಯಲ್ಲ, ದಿನವಿಡೀ ಜಿನುಗುವ ಜಿಟಿಜಿಟಿ. ಕ್ಯಾಲಿಪರಿನ ಚರ್ಮದ ಬೆಲ್ಟು ಬೂಸಲು ಹಿಡಿಯಿತು. ಒಲೆ ಪಕ್ಕ ಇಟ್ಟು ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ ಕಟ್ಟಿಕೊಳ್ಳುತ್ತಿದ್ದೆ. ಅಂಗಳ ಜಾರುತ್ತಿತ್ತು. ಬಾಗಿಲಲ್ಲಿ ಕೂತರೆ ಗಾಡಿ ನಿಲ್ಲಿಸುತ್ತಿದ್ದ ಜಾಗ ಕಾಣುತ್ತಿತ್ತು. ಅಲ್ಲಿ ಓಬಕ್ಕ ಸೌದೆ ಒಟ್ಟಿದ್ದಳು. ಅದನ್ನು ಕಂಡು ನನಗೆ ಸಿಟ್ಟು ಬಂದಿತ್ತು.

ವಾರಕ್ಕೊಮ್ಮೆ ಅಣ್ಣ ನನ್ನ ಎದುರಿಗೇ ರುದ್ರೇಶಿಗೆ ಫೋನ್ ಮಾಡುತ್ತಿದ್ದ. ನನಗೂ ಕೇಳಲಿ ಅಂತ ಸ್ಪೀಕರ್ ಹಾಕುತ್ತಿದ್ದ.

“ಏನಪ್ಪಾ ರುದ್ರೇಶಿ, ಸಾಮಾನು ಬಂತಾ?”

“ಇಲ್ಲ ಅಣ್ಣಾರೆ, ಇನ್ನೂ ಬಂದಿಲ್ಲ.”

“ನಮ್ಮ ಸರೋಜಿ ಕಾಯ್ತಾ ಅದಾಳೆ ಮಾರಾಯ.”

“ಬರ್ತೈತೆ ಬಿಡ್ರಿ ಅಣ್ಣಾರೆ. ಬಂದ ತಕ್ಷಣ ಹೇಳ್ತೀನಿ.”

ಗಾಡಿ ನನ್ನ ಹೆಸರಿನಲ್ಲಿತ್ತು, ಲೈಸೆನ್ಸೂ ನನ್ನದು. ಆದರೂ ರುದ್ರೇಶಿಯ ನಂಬರು ನನ್ನ ಫೋನಿನಲ್ಲಿರಲಿಲ್ಲ. ನಮ್ಮ ಕಡೆ ಹಾಗೆಯೇ. ಹೆಂಗಸಿನ ಹೊಲಿಗೆ ಮಿಷನ್ನು ಕೆಟ್ಟರೂ ರಿಪೇರಿಯವನು ಗಂಡಸಿಗೇ ಫೋನ್ ಮಾಡಿ “ಆಗೈತೆ, ಬರ್ರಿ” ಅನ್ನುತ್ತಾನೆ. ಇದರಲ್ಲಿ ತಪ್ಪೇನಾದರೂ ಇದೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಷಾಢದ ಕೊನೆಗೆ ಸೀರೆ ಅಂಗಡಿಯವರು ಕೇಳಿಕಳಿಸಿದರು. ಗಾಡಿ ಬಂದ ಕೂಡಲೇ ಬರುತ್ತೇನೆ ಅಂದೆ. ಬೈಕಿನಲ್ಲಿ ಬಿಟ್ಟುಬಾ ಎಂದು ಅಣ್ಣನನ್ನು ಕೇಳಿದೆ. “ನಾಟಿ ಮುಗೀಲಿ. ಆಳು ಸಿಗೋದೇ ಕಷ್ಟ ಆಗೈತೆ” ಅಂದ. ನಾಟಿ ಮುಗಿಯಿತು. ಆಮೇಲೆ ಗೊಬ್ಬರ ಅಂದ. ಶ್ರಾವಣ ಹುಟ್ಟಿತು. ಅಂಗಡಿಯವರು ಇನ್ನೊಮ್ಮೆ ಫೋನ್ ಮಾಡಿ, “ಅಮ್ಮಾರೆ, ವರಮಹಾಲಕ್ಷ್ಮಿ ಬಂತು ನೋಡ್ರಿ” ಅಂದರು. ನಾಚಿಕೆಯಾಯಿತು. ಇನ್ನೊಂದೇ ವಾರ ಅಂದೆ.

ಆ ವಾರ ಕಳೆದು ಅಣ್ಣ ಮತ್ತೆ ರುದ್ರೇಶಿಗೆ ಫೋನ್ ಮಾಡಿ ಗದ್ದೆಗೆ ಹೋದಾಗ ಓಬಕ್ಕ ಅಕ್ಕಿ ಆರಿಸುತ್ತಾ ಕೂತಿದ್ದಳು. ಫೋನ್ ಮಾತು ಅವಳಿಗೂ ಕೇಳಿಸಿತ್ತು. ಮೊರವನ್ನು ಸುಮ್ಮನೆ ಎರಡು ಸಲ ಕುಟ್ಟಿದಳು.

“ಸರೋಜಿ, ನೀನು ಯಾಕೆ ಒಂದ್ಸಲ ಹೋಗಿ ನೋಡ್ಬಾರದು?”

“ಸಾಮಾನೇ ಬಂದಿಲ್ಲ, ಹೋಗಿ ಏನ್ ನೋಡ್ಲಿ?”

“ನಾನೇನ್ ಕಂಡೀನಿ ಗಾಡಿ ವಿಷ್ಯ. ನಮ್ಮೂರಾಗೆ ಎಮ್ಮೆ ಕಳೆದ್ರೆ ಹುಡುಕ್ಕೊಂಡು ಹೋಗ್ತೀವಿ, ಫೋನ್ ಮಾಡ್ಕಂತ ಕೂರಲ್ಲ.”

“ಈ ಮಳೆಯಾಗೆ ಬಸ್ ಹತ್ತಾಕೆ ಆಗ್ತೈತಾ ನನಗೆ?”

“ಹತ್ತಿಸ್ತೀನಿ ನಡಿ” ಎಂದು ಮೊರ ಪಕ್ಕಕ್ಕಿಟ್ಟು ಎದ್ದೇಬಿಟ್ಟಳು.

ಅವಳೇ ಬಸ್ ಸ್ಟ್ಯಾಂಡಿಗೆ ಬಂದು, ಹಿಂದಿನಿಂದ ಸೊಂಟ ಹಿಡಿದು ಎತ್ತಿ, “ಏ ಕಂಡಕ್ಟ್ರೇ, ಇಳಿಸೋವಾಗ ಪೂರ್ತಿ ನಿಲ್ಲಿಸ್ಬೇಕು, ತಿಳೀತಾ? ಅರ್ಧಂಬರ್ಧ ನಿಲ್ಲಿಸಿದ್ರೆ ನಾಳೆ ಬಂದು ಗಲಾಟೆ ಮಾಡ್ತೀನಿ” ಎಂದು ಹೆದರಿಸಿ ಕಳಿಸಿದಳು. ಕಂಡಕ್ಟರ್ “ಯಾವೂರಮ್ಮ ಇವಳು?” ಎಂದು ನನ್ನನ್ನು ಕೇಳಿದ. ಜಗಳೂರು ಅಂದೆ. “ಅದೇ ಅನ್ಕಂಡೆ” ಅಂದ. ಹೊನ್ನಾಳಿಯಲ್ಲಿ ಬಸ್ಸನ್ನು ಪೂರ್ತಿ ನಿಲ್ಲಿಸಿ, ಊರುಗೋಲನ್ನು ತಾನೇ ಇಳಿಸಿಕೊಟ್ಟ.

ರುದ್ರೇಶಿಯ ಶೆಡ್ಡು ಬಸ್ ಸ್ಟ್ಯಾಂಡಿನಿಂದ ದೂರವಿಲ್ಲ. ಮಳೆ ನಿಂತು ಬಿಸಿಲು ಬಂದಿತ್ತು. ಶೆಡ್ಡಿನ ಮೂಲೆಯಲ್ಲಿ ನೀಲಿ ಟಾರ್ಪಾಲು ಮುಚ್ಚಿದ್ದು ಏನು ಅಂತ ಆಕಾರ ನೋಡಿಯೇ ಗೊತ್ತಾಯಿತು. ರುದ್ರೇಶಿ ಒಂದು ಬೈಕಿನ ಚೈನು ಹಿಡಿದು ಕೂತಿದ್ದವನು ನನ್ನನ್ನು ಕಂಡು ಎದ್ದ.

“ಅಕ್ಕ! ನೀವ್ಯಾಕೆ ಬರಾಕೆ ಹೋದ್ರಿ? ಅಣ್ಣಾರಿಗೆ ಗೊತ್ತಾ?”

ನಾನು ಟಾರ್ಪಾಲಿನ ತುದಿ ಹಿಡಿದು ಎಳೆದೆ. ಆ ವಾಸನೆ ಬಂತು. ಗಾಡಿ ನಾಲ್ಕೂ ಗಾಲಿಯ ಮೇಲೆ ನೆಟ್ಟಗೆ ನಿಂತಿತ್ತು. ಕೆಸರು ತೊಳೆದಿದ್ದರು. ರಾಡಿನ ಮೇಲೆ ಹೊಸ ಕಪ್ಪು ಬಣ್ಣ ಇತ್ತು.

“ಸಾಮಾನು ಯಾವಾಗ ಬಂತು?” ಅಂದೆ.

ರುದ್ರೇಶಿ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ.

“ಸಾಮಾನು ಬೇಕಾಗ್ಲೇ ಇಲ್ಲಕ್ಕ. ರಾಡ್ ಕಾಯಿಸಿ ನೆಟ್ಟಗೆ ಮಾಡಿ, ಒಂದು ಪಟ್ಟಿ ವೆಲ್ಡಿಂಗ್ ಹೊಡ್ದೆ. ತಂದ ದಿನ ಸಂಜೆನೇ ಆಗಿತ್ತು.”

“ಮತ್ತೆ ಫೋನಿನಾಗೆ?”

“ಅಣ್ಣಾರು ಹೇಳಿದ್ರು ಅಕ್ಕ. ಮಳೆಗಾಲ, ರಸ್ತೆ ಸರಿ ಇಲ್ಲ, ದೀಪಾವಳಿ ತನಕ ಇಲ್ಲೇ ಇರ್ಲಿ, ಅವಳಿಗೆ ಹೇಳೋದು ಬ್ಯಾಡ, ಹಠ ಮಾಡ್ತಾಳೆ ಅಂತ. ಮೊದ್ಲು ಒಂದು ಮಿಸ್ ಕಾಲ್ ಕೊಡ್ತಿದ್ರು. ಮಿಸ್ ಕಾಲ್ ಬಂದ್ಮೇಲೆ ಬರೋ ಕಾಲು ಸ್ಪೀಕರಿಂದು, ನೋಡ್ಕಂಡು ಮಾತಾಡು ಅಂದಿದ್ರು.” ನಾನು ಸೀಟಿನ ಮೇಲೆ ಕೈಯಾಡಿಸುವುದನ್ನು ನೋಡಿ ಅವನೇ ಮುಂದುವರಿಸಿದ. “ಗಾಡಿಗೆ ಏನೂ ಆಗಿಲ್ಲಕ್ಕ. ವಾರ ವಾರ ಸ್ಟಾರ್ಟ್ ಮಾಡೀನಿ, ಬ್ಯಾಟ್ರಿ ಇಳೀಬಾರ್ದು ಅಂತ. ಒಂದೇ ಸೆಲ್ಫ್ ಸ್ಟಾರ್ಟಿಗೆ ಹಿಡೀತೈತೆ, ನೋಡ್ರಿ ಬೇಕಾದ್ರೆ.”

ನಿಜ, ಒಂದೇ ಸಲಕ್ಕೆ ಹಿಡಿಯಿತು.

ಅಲ್ಲಿಂದ ನೇರ ಸೀರೆ ಅಂಗಡಿಗೆ ಹೋದೆ. ಗಾಜಿನ ಪಕ್ಕದ ಬೆಳಕಿನಲ್ಲಿ ಒಬ್ಬಳು ಚಿಕ್ಕ ವಯಸ್ಸಿನವಳು ಕೂತು ಕುಚ್ಚು ಕಟ್ಟುತ್ತಿದ್ದಳು. ಸುತ್ತ ಸೀರೆ ಹಿಡಿದ ಹೆಂಗಸರು ನಿಂತಿದ್ದರು. ಅವಳ ಕೈ ನೋಡಿದೆ. ಗಂಟು ಬಿಗಿಯಾಗಿತ್ತು, ಅಂತರ ಸಮವಾಗಿತ್ತು. ಹೆಸರಿಡುವ ಹಾಗಿರಲಿಲ್ಲ. ಅಂಗಡಿಯವರು ಹೊರಗೆ ಬಂದು ಗಾಡಿಯ ಪಕ್ಕ ನಿಂತರು.

“ಎಷ್ಟು ಕಾದೆ ಅಂತ ನಿಮಗೇ ಗೊತ್ತು ಅಮ್ಮಾರೆ. ಮೊನ್ನೆಯಿಂದ ಇವಳು ಕೂತಾಳೆ. ಈಗ ಏಳು ಅಂತ ಹೆಂಗೆ ಹೇಳ್ಲಿ?”

“ಹೇಳಬ್ಯಾಡ್ರಿ” ಅಂದೆ.

ಮನೆಯ ಅಂಗಳಕ್ಕೆ ಗಾಡಿ ಬಂದ ಸದ್ದಿಗೆ ಒಳಗಿನಿಂದ ಅವ್ವನ ದನಿ ಬಂತು: “ಯಾರ್ದು ಗಾಡಿ? ಸರೋಜಿದಾ? ದೀಪಾವಳಿ ತನಕ ತರಲ್ಲ ಅಂದಿದ್ನಲ್ಲ ಮಂಜ!”

ಬ್ರೇಕು ಹಿಡಿದ ಕೈ ಹಾಗೆಯೇ ನಿಂತುಬಿಟ್ಟಿತು. ರುದ್ರೇಶಿಯ ಶೆಡ್ಡಿನಲ್ಲಿ ಅಳು ಬಂದಿರಲಿಲ್ಲ, ಅಂಗಡಿಯ ಮುಂದೆಯೂ ಬಂದಿರಲಿಲ್ಲ. ದಿನವೂ ನನ್ನ ಹೆಗಲು ಹಿಡಿದು ಬಚ್ಚಲಿಗೆ ನಡೆದವಳು, ಒಂದೊಂದು ಫೋನಿಗೂ “ಬಂತೇನೋ ಸಾಮಾನು?” ಎಂದು ಮಂಚದಿಂದಲೇ ಕೇಳುತ್ತಿದ್ದವಳು. ಅವಳಿಗೆ ಎಲ್ಲ ಗೊತ್ತಿತ್ತು. ಒಳಗೆ ಹೋಗಿ ಅವಳ ಎದುರು ಕೂತೆ.

“ಯಾಕವ್ವ?”

ಅವಳು ಸೆರಗಿನ ಅಂಚು ತಿರುವುತ್ತಾ ಕೂತಳು. “ನೀನು ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ನನ್ನನ್ನ ಬಚ್ಚಲಿಗೆ ಯಾರು ಕರ್ಕಂಡು ಹೋಗ್ತಾರೆ? ನಿಮ್ಮತ್ತಿಗೆ ಹೊಲಕ್ಕೆ ಹೋಗ್ತಾಳೆ” ಅಂದಳು. ಟವೆಲ್ ಹೊದ್ದ ವಾಕರ್ ಮಂಚದ ಪಕ್ಕದಲ್ಲೇ ಇತ್ತು. ನಾನು ಅದರ ಕಡೆ ನೋಡಿದೆ. ಅವಳೂ ನೋಡಿದಳು, ಮುಖ ತಿರುಗಿಸಿದಳು.

ಸಂಜೆ ಅಣ್ಣ ಗದ್ದೆಯಿಂದ ಬಂದ. ಗಾಡಿ ಕಂಡು ಅಂಗಳದಲ್ಲೇ ನಿಂತ. ಕಾಲಿನ ಕೆಸರನ್ನೂ ತೊಳೆಯಲಿಲ್ಲ.

“ಬಿದ್ದಿದ್ಯಲ್ಲ ನೀನು. ಆ ಚಾನಲ್‌ಗೆ ಬಿದ್ದಿದ್ರೆ? ಅವ್ವನ್ನ ಯಾರು ನೋಡ್ಬೇಕಿತ್ತು?”

ಒಂದೇ ಉಸಿರಿಗೆ ಎರಡೂ ಹೇಳಿದ. ಈ ಎರಡರಲ್ಲಿ ಅವನ ಮನಸ್ಸಿಗೆ ಮೊದಲು ಬಂದದ್ದು ಯಾವುದು ಅಂತ ಆವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.

“ನೇರ ನನಗೇ ಹೇಳ್ಬೇಕಿತ್ತು, ಹೋಗಬ್ಯಾಡ ಅಂತ.”

“ಹೇಳಿದ್ರೆ ಕೇಳ್ತಿದ್ಯಾ?”

“ಇಲ್ಲ.”

“ಮತ್ತೆ?”

“ಜಗಳ ಆಡ್ತಿದ್ವಿ ಅಣ್ಣ. ನೀನು ಬೈತಿದ್ದೆ, ನಾನೂ ಬೈತಿದ್ದೆ. ಸ್ಪೀಕರ್ ಯಾಕೆ ಹಾಕಿದೆ?”

“ಇಷ್ಟು ವರ್ಷ ಹೊತ್ಕಂಡು ತಿರುಗಿದ್ದು ಏನೂ ಇಲ್ವಾ ಹಾಗಾದ್ರೆ?” ಅಂದ. ಅವನಿಗೆ ನಿಜವಾಗಿ ನೋವಾಗಿತ್ತು. ಅದೇ ನನಗೆ ತಡೆಯದಾದದ್ದು. ಮೋಸ ಹೋದವಳು ನಾನು, ಸಮಾಧಾನ ಮಾಡಬೇಕಾದವಳೂ ನಾನೇ ಅನ್ನುವ ಹಾಗೆ ಅವನು ನಿಂತಿದ್ದ. ಓಬಕ್ಕ ಒಳಗಿನಿಂದ ನೀರು ತಂದು ಅವನ ಕಾಲ ಬಳಿ ಠಪ್ಪೆಂದು ಇಟ್ಟು, “ಮೊದ್ಲು ಕೆಸರು ತೊಳ್ಕೊಳ್ರಿ” ಅಂದಳು. ಆಗ ನಾನು ಅವಳ ಮುಖವನ್ನು ಸರಿಯಾಗಿ ನೋಡಿದೆ.

ಮಳೆ ಹಿಂದಾದ ಮೇಲೆ ನ್ಯಾಮತಿಯಲ್ಲಿ ಈ ಕೋಣೆ ಹಿಡಿದೆ. ಮೆಟ್ಟಿಲಿಲ್ಲದ ಮನೆ. ಬಾಗಿಲಲ್ಲೇ ಕೂತು ಕೆಲಸ ಮಾಡುತ್ತೇನೆ. ಸುತ್ತಿನ ಹಳ್ಳಿಗೆ ನಾನೇ ಹೋಗಿ ಸೀರೆ ತರುತ್ತೇನೆ. ಅವ್ವ ನಾನು ಬಂದ ಮೂರ್ನಾಲ್ಕು ದಿನಕ್ಕೇ ವಾಕರ್ ಹಿಡಿದಳಂತೆ. ಓಬಕ್ಕ ಫೋನ್ ಮಾಡಿ ಹೇಳಿದಳು: “ಜೋರಾಗಿ ಹೋಗ್ತಾಳೆ ಕಣೆ ಸರೋಜಿ ನಿಮ್ಮವ್ವ, ರೇಸಿಗೆ ಬಿಡಬಹುದು.” ನಗು ಬಂತು. ಫೋನ್ ಇಟ್ಟಮೇಲೆ ನಗು ಉಳಿಯಲಿಲ್ಲ.

ಅಣ್ಣ ಬರುತ್ತಾನೆ. ಅಕ್ಕಿ ತರುತ್ತಾನೆ, ತರಕಾರಿ ತರುತ್ತಾನೆ, ಬಲ್ಬು ಹೋಗಿದ್ದರೆ ಹಾಕಿಕೊಡುತ್ತಾನೆ. ಆ ಮಳೆಗಾಲದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಹೋದ ತಿಂಗಳು ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕೂತು, ಪಕ್ಕದ ಗಾಲಿ ಅಲ್ಲಾಡಿಸಿ ನೋಡಿದ.

“ಬೇರಿಂಗ್ ಹೋಗೈತೆ. ನಾನು ಹೊನ್ನಾಳಿಗೇ ಹೊಂಟೀನಿ, ಕೊಡು. ರುದ್ರೇಶಿ ಹತ್ರ ಹಾಕಿಸ್ಕಂಡು ಸಂಜೆಗೆ ತಂದುಬಿಡ್ತೀನಿ.”

ಎದ್ದು ನಿಂತು ಕೈ ಚಾಚಿದ. ಕೀಲಿಕೈ ನನ್ನ ಮಡಿಲಲ್ಲಿ, ದಾರದ ಉಂಡೆಗಳ ನಡುವೆ ಇತ್ತು.

“ಬ್ಯಾಡ ಬಿಡಣ್ಣ. ಸಂಜೆ ಒಂದು ಕಡೆ ಹೋಗೋದೈತೆ.”

ಹೋಗುವುದೇನೂ ಇರಲಿಲ್ಲ. ಅದು ಅವನಿಗೂ ಗೊತ್ತಾಯಿತು. ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು, ಹೆಗಲ ಮೇಲಿನ ಟವೆಲಿನಿಂದ ಗಾಡಿಯ ಸೀಟು ಒರೆಸಿದ. “ನಿಧಾನಕ್ಕೆ ಓಡ್ಸು. ಗಾಲಿ ಅಲ್ಲಾಡ್ತೈತೆ” ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮಾರನೆ ದಿನ ನಾನೇ ನಿಧಾನಕ್ಕೆ ಹೊನ್ನಾಳಿಗೆ ಹೋದೆ. ರುದ್ರೇಶಿ ಗಾಡಿಯನ್ನು ಒಳಗೆ ತೆಗೆದುಕೊಂಡು, ಗಾಲಿ ಬಿಚ್ಚಿ, “ಹೊತ್ತಾಗ್ತೈತೆ ಅಕ್ಕ. ಊಟ ಮಾಡ್ಕಂಡು ಬರ್ರಿ, ಪಕ್ಕದಾಗೇ ಹೋಟ್ಲೈತೆ” ಅಂದ.

“ಇಲ್ಲೇ ಕೂತಿರ್ತೀನಿ” ಅಂದೆ.

“ಬಿಸಿಲು ಬರ್ತೈತೆ ಇಲ್ಲಿ.”

“ಬರ್ಲಿ.”

ಅವನು ಒಳಗಿನಿಂದ ಒಂದು ಸ್ಟೂಲು ತಂದು, ಬಿಚ್ಚಿದ ಗಾಲಿ ನನಗೆ ಕಾಣುವ ಹಾಗೆ ಹಾಕಿಕೊಟ್ಟ.